ಮುಟ್ಟಿ ನೋಡ್ರಿ

ಮಿಲ್ಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೋಟಿಸು ಬರುತ್ತದೆ. ನೋಟಿಸಿಗೆ ಉತ್ತರ ಬರೆಸಲು ವಕೀಲರ ಹತ್ತಿರ ಹೋಗಬೇಕು. ವಕೀಲರ ಸಹವಾಸ ನಮಗೆ ಸಾಕಾಗಿದೆ. ಹರಿಹರದಲ್ಲಿ ಹೊಳೆಗೆ ಹತ್ತಿರ ಒಂದು ಹತ್ತಿ ಮಿಲ್ಲಿತ್ತು ಅಂತ ಇಟ್ಟುಕೊಳ್ಳಿ. ಸಂಜೆ ಪಾಳಿ ಬಿಟ್ಟಾಗ ಅದರ ಗೇಟಿನಲ್ಲಿ ತಪಾಸಣೆ ನಡೆಯುತ್ತಿತ್ತು. ನಾವು ಹತ್ತಿ ಕದಿಯುತ್ತೇವೆ ಅಂತ ಸಾಹುಕಾರರಿಗೆ ಅನುಮಾನ.

ತಪಾಸಣೆಗೆ ಎರಡು ಸಾಲು. ಮೊದಲನೆಯ ಸಾಲಿನ ಗಂಡಸರ ಮೈಮೇಲೆ ಜಮೇದಾರ ಕರಿಬಸವರಾಜ ಕೈಯಾಡಿಸಿ ಬಿಡುತ್ತಿದ್ದ. ಹೆಂಗಸರ ಸೊಂಟ, ಮಡಿಲು ಮುಟ್ಟಿ ನೋಡಲು ಅನ್ನಪೂರ್ಣಮ್ಮ ಎಂಬಾಕೆಯನ್ನು ಇಟ್ಟಿದ್ದರು. ಎರಡನೆಯ ಸಾಲು ಕೇರಿಯವರದು, ಅಂದರೆ ನಮ್ಮದು. ನಮ್ಮನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮನೆಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಳ್ಳಬೇಕು. ದಿನಾ ಯಾರು ಹೊಯ್ದುಕೊಳ್ಳುತ್ತಾರೆ? ಅದಕ್ಕೇ ನಾವೇ ಬಿಚ್ಚಿ ತೋರಿಸಬೇಕು. ಗಂಡಸರಾದರೆ ಅಂಗಿ ತೆಗೆದು, ಧೋತರ ಸಡಿಲಿಸಿ ಒದರಬೇಕು. ಹೆಂಗಸರಾದರೆ ಗೇಟಿನ ಪಕ್ಕದ ತಗಡಿನ ಮರೆಗೆ ಹೋಗಿ ಸೀರೆ ಬಿಚ್ಚಿ, ಕುಬುಸದ ಗಂಟು ಬಿಚ್ಚಿ ಒದರಬೇಕು. ಆ ತಗಡು ಎದೆ ಮಟ್ಟಕ್ಕೂ ಬರುತ್ತಿರಲಿಲ್ಲ. ಅನ್ನಪೂರ್ಣಮ್ಮ ದೂರ ನಿಂತು "ಇನ್ನೊಂದ್ಸಲ ಒದರು" ಅನ್ನುತ್ತಿದ್ದಳು. ಆಚೆ ಸಾಲಿನ ಗಂಡಸರು ಬೀಡಿ ಹಚ್ಚಿಕೊಂಡು ನೋಡುತ್ತಿದ್ದರು. ನಾವು ಗಂಡಸರು ನೆಲ ನೋಡುತ್ತಿದ್ದೆವು. ವರ್ಷಗಟ್ಟಲೆ ಹೀಗೇ ನಡೆಯಿತು.

ಕೆಂಚಕ್ಕ ಹೊಲಸು ಹತ್ತಿಯ ಖೋಲಿಯಲ್ಲಿ ಕೆಲಸಕ್ಕಿದ್ದಳು. ಮಷೀನಿನ ಅಡಿ ಬಿದ್ದ ಹತ್ತಿಯನ್ನು ಗುಡಿಸಿ ತಂದು ರಾಶಿ ಹಾಕಿ, ಬಡಿಗೆಯಿಂದ ಬಡಿದು ದೂಳು ಬಿಡಿಸುವುದು ಆಕೆಯ ಕೆಲಸ. ಗಾಳಿಗೆ ಹತ್ತಿ ಹಾರುತ್ತದೆಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಹೊರಗೆ ಹೋಗಲು ದಾರಿಯಿಲ್ಲದ ದೂಳು ಮೂಗಿಗೆ ಹೋಗುತ್ತಿತ್ತು, ಬಾಯಿಗೆ ಹೋಗುತ್ತಿತ್ತು. ಕೆಮ್ಮಿದರೆ ಕಫದಲ್ಲಿ ಬಿಳಿ ಎಳೆ ಬರುತ್ತಿತ್ತು. ರಟ್ಟೆ ಊದಿಕೊಂಡು ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಆ ಕೂಲಿಯಲ್ಲಿ ಆಕೆ ತಂಗಿಯ ಮಗ ಸೂರಪ್ಪನನ್ನು ಸಾಕಿದಳು. ತಂಗಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವನಿಗೆ ತಾಯಿ ಅಂದರೆ ಈ ದೊಡ್ಡವ್ವನೇ.

ಸೂರಪ್ಪ ಮೆಟ್ರಿಕ್ ಆದ, ಬಿ.ಎ. ಆದ, ದಾವಣಗೆರೆಯಲ್ಲಿ ಲಾ ಕಾಲೇಜು ಸೇರಿದ. ಲಾ ಅಂದರೆ ಏನೆಂದು ಕೇರಿಯ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ವಕೀಲನಾಗುತ್ತಾನೆ ಅಂದಾಗ ಗೊತ್ತಾಯಿತು. ಪೊಲೀಸರು ಹಿಡಿದರೆ ಬಿಡಿಸಲು ನಮ್ಮವನೇ ಒಬ್ಬ ಇರುತ್ತಾನೆ ಅಂತ ನಮಗೆಲ್ಲ ಒಳಗೊಳಗೇ ಸೊಕ್ಕು ಬಂತು. ಅವನು ಬೆಳಗಿನ ರೈಲಿಗೆ ಹೋಗುವಾಗ ನಾವು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದೆವು. ಅವನಿಗೂ ಅದು ರೂಢಿಯಾಗಿ, ಯಾರಾದರೂ ದಾರಿ ಬಿಡದಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದ.

ಆದರೆ ಅವನ ಚಿಂತೆ ಅವನಿಗಿತ್ತು. ಲಾ ಪಾಸಾದರೆ ಸಾಲದು. ಯಾರಾದರೂ ಹಿರಿಯ ವಕೀಲರು ಜೂನಿಯರ್ ಆಗಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕರಿಕೋಟು ಹಾಕಿಕೊಂಡು ಕೋರ್ಟಿನ ಬೇವಿನ ಮರದಡಿ ನಿಲ್ಲಬೇಕು. ವಕೀಲರು ತಮ್ಮ ತಮ್ಮ ಜಾತಿಯ ಹುಡುಗರನ್ನೇ ಇಟ್ಟುಕೊಳ್ಳುತ್ತಿದ್ದರು. ಅವನ ಜೊತೆಗೆ ಓದುತ್ತಿದ್ದ ಜಮಾಲುದ್ದೀನ್ ದಾವಣಗೆರೆಯ ದರ್ಜಿಯೊಬ್ಬರ ಮಗ. ಸಂಜೆ ಇಬ್ಬರೂ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನೇ ಮಾತಾಡುತ್ತಿದ್ದರು.

"ಊರಿನ ಅರ್ಧ ವಕೀಲರಿಗೆ ನಮ್ಮಪ್ಪನೇ ಕೋಟು ಹೊಲಿದಿರಾದು," ಜಮಾಲುದ್ದೀನ್ ಹೇಳುತ್ತಿದ್ದ. "ಅಳತಿ ಕೊಡಾಕ ಒಳಗೆ ಕರೀತಾರೆ. ಮಗನ್ನ ಜೂನಿಯರ್ ಮಾಡ್ಕೊಳ್ರಿ ಅಂದ್ರೆ, ನಿಮ್ಮವರಾಗೇ ಯಾರನ್ನಾದ್ರೂ ನೋಡ್ರಿ ಸಾಬ್ರೆ ಅಂತಾರೆ. ನಾನು ಕೋರ್ಟ್ ಗುಮಾಸ್ತನ ಕೆಲಸಕ್ಕೇ ಅರ್ಜಿ ಹಾಕ್ತೀನಿ. ನಿಂದು ನಸೀಬು ಚಲೋ ಐತೆ ಬಿಡು."

ಸೂರಪ್ಪನ ನಸೀಬು ಅಂದರೆ ವಕೀಲ ವಾಮದೇವಪ್ಪನವರು. ದಾವಣಗೆರೆಯಲ್ಲಿ ದೊಡ್ಡ ಹೆಸರು. ಜಾತಿ ಹೋಗಬೇಕು ಅಂತ ಸಭೆಗಳಲ್ಲಿ ಮಾತಾಡುವವರು. ಓದುವಾಗಲೇ ಕೆಲಸ ಕಲಿಯಲೆಂದು ಮೂರು ಜನ ವಿದ್ಯಾರ್ಥಿಗಳನ್ನು ಆಫೀಸಿಗೆ ಬಿಟ್ಟುಕೊಂಡಿದ್ದರು. ಅವರಲ್ಲಿ ಸೂರಪ್ಪನೂ ಒಬ್ಬ. ಅವನಿಗೂ ಬೆಂಚು ಕೊಡದೆ ಕುರ್ಚಿ ಕೊಟ್ಟಿದ್ದರು. ಒಳಗಿನಿಂದ ನೀರು ಬಂದರೆ ಅವನ ಲೋಟ ಬೇರೆ ಇರುತ್ತಿತ್ತು. ಸೂರಪ್ಪ ಲೋಟ ನೋಡಲಿಲ್ಲ, ಕುರ್ಚಿ ನೋಡಿದ. ಅದೇ ವಾಮದೇವಪ್ಪನವರು ನಮ್ಮ ಮಿಲ್ಲಿಗೂ ವಕೀಲರು ಅಂತ ಅವನಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ.

ಕೆಂಚಕ್ಕ ಒಲ್ಲೆ ಅಂದ ದಿನ ವಿಶೇಷವೇನೂ ಇರಲಿಲ್ಲ. ಆಕೆಗೆ ಜ್ವರ ಬಂದಿತ್ತು, ಗಾಳಿಗೆ ಚಳಿಯಾಗುತ್ತಿತ್ತು. ತಗಡಿನ ಹತ್ತಿರ ಬಂದವಳು ಸೆರಗಿಗೆ ಕೈ ಹಾಕಲಿಲ್ಲ. ಎರಡೂ ಕೈ ಅಗಲಿಸಿ ನಿಂತಳು.

"ಅಮ್ಮಾರೆ, ಅವರನ್ನ ಮುಟ್ಟಿ ನೋಡಿದಂಗೆ ನನ್ನನ್ನೂ ಮುಟ್ಟಿ ನೋಡ್ರಿ. ನಾ ಬಿಚ್ಚಲ್ಲ."

ಅನ್ನಪೂರ್ಣಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಕರಿಬಸವರಾಜ ಬಾಯಿಗೆ ಬಂದಂತೆ ಬೈದ. ಕೆಂಚಕ್ಕ ಕೈ ಇಳಿಸಲಿಲ್ಲ. ಕೊನೆಗೆ ಮ್ಯಾನೇಜರನೇ ಬಂದು ಆಕೆಯನ್ನು ಹೊರಗೆ ಹಾಕಿಸಿದ. ಮರುದಿನ ಕೆಲಸದಿಂದ ನಿಲ್ಲಿಸಿದರು. ತಪಾಸಣೆಗೆ ಅಡ್ಡಿ ಮಾಡಿದಳು, ವಿಚಾರಣೆ ಆಗುವ ತನಕ ಒಳಗೆ ಬರಕೂಡದು ಅಂದರು. ಅವತ್ತು ಸಂಜೆಯೂ ನಾವು ಸಾಲು ನಿಂತು ಒದರಿದೆವು. ಆಕೆಯ ಪರವಾಗಿ ಒಂದು ಸೊಲ್ಲು ಎತ್ತಲಿಲ್ಲ.

"ನಿಮ್ಮ ವಕೀಲರಿಗೆ ಒಂದು ಮಾತು ಹೇಳಪ್ಪ," ಕೆಂಚಕ್ಕ ಸೂರಪ್ಪನಿಗೆ ಹೇಳಿದಳು. "ದೊಡ್ಡ ಮನುಷ್ಯರು. ಅವರು ಹೇಳಿದ್ರೆ ಸಾಹುಕಾರ ಕೇಳ್ತಾನೆ. ನಾನು ತಪಾಸಣಿ ಬ್ಯಾಡ ಅಂದಿಲ್ಲ. ಮುಟ್ಟಿ ನೋಡ್ರಿ ಅಂದೀನಿ. ಅಷ್ಟು ಹೇಳು ಸಾಕು."

"ನಾಳೆ ಹೇಳ್ತೀನಿ ದೊಡ್ಡವ್ವ."

ಮರುದಿನ ಅವನು ಬಾಯಿ ತೆರೆಯುವ ಮೊದಲು ವಾಮದೇವಪ್ಪನವರೇ ಬಾಯಿ ತೆರೆದರು. ವಿದ್ಯಾರ್ಥಿಗಳಿಗೆ ಆಗಾಗ ಒಂದೊಂದು ಸಮಸ್ಯೆ ಕೊಟ್ಟು ಬಿಡಿಸಲು ಹೇಳುವುದು ಅವರ ಪದ್ಧತಿ. ಸಮಸ್ಯೆಯಲ್ಲಿ ಮನುಷ್ಯರಿಗೆ ಹೆಸರಿರುವುದಿಲ್ಲ. ಎ, ಬಿ, ಸಿ ಅಷ್ಟೆ. ಕಾನೂನು ಕಲಿಸುವ ರೀತಿಯೇ ಹಾಗೆ.

"ಎ ಅಂತ ಒಬ್ಬ ಹೆಂಗಸು. ಬಿ ಅಂತ ಕಾವಲಿನವನು," ಅಂದರು. "ಬಿ ಆಕೀನ ಮುಟ್ಟೂದಿಲ್ಲ. ಬಟ್ಟಿ ಬಿಚ್ಚಿ ಒದರು ಅಂತಾನೆ. ದಿನಾ ಒದರ್ತಾಳೆ. ಒಂದಿನ ಒಲ್ಲೆ ಅಂತಾಳೆ. ಈಗ ಆಕಿ, ನನ್ನ ಮಾನ ತೆಗೆದ್ರು ಅಂತ ಬಿ ಮೇಲೆ ದೂರು ಕೊಟ್ರೆ ನಿಲ್ತೈತೋ ಇಲ್ಲೋ?"

ಬಟ್ಟೆ ಬಿಚ್ಚಿ ಒದರು ಅಂದಕೂಡಲೇ ಸೂರಪ್ಪನಿಗೆ ಎ ಯಾರೆಂದು ತಿಳಿಯಿತು. ತಿಳಿಯಲಿಲ್ಲ ಅಂತ ಅವನು ಯಾರ ಮುಂದೆಯೂ ಹೇಳಿಲ್ಲ. ಪಕ್ಕದ ಕುರ್ಚಿಯ ಶಿವಮೂರ್ತಪ್ಪ, ಮಂಡಿ ವರ್ತಕರ ಮಗ, "ನಿಲ್ತೈತೆ ಸರ್, ಹೆಂಗಸಿನ ಮಾನದ ಪ್ರಶ್ನೆ" ಅಂದ. ವಾಮದೇವಪ್ಪನವರು ಅಲ್ಲವೆಂದು ತಲೆಯಾಡಿಸಿ ಸೂರಪ್ಪನ ಕಡೆ ನೋಡಿದರು. ಎಲ್ಲರೂ ಅವನ ಕಡೆ ನೋಡಿದರು. ಆ ಕಲಂ ಅವನು ಹಿಂದಿನ ವಾರವಷ್ಟೇ ಉರುಹೊಡೆದಿದ್ದ. ನಾಲಿಗೆ ಸುಮ್ಮನಿರಲಿಲ್ಲ.

"ನಿಲ್ಲಲ್ಲ ಸರ್. ಬಲಪ್ರಯೋಗ ಆಗಿರಬೇಕು. ಬಲ ಅಂದ್ರೆ ಮೈ ಮುಟ್ಟಬೇಕು. ಬಿ ಮುಟ್ಟಿಲ್ಲ. ಎ ತಾನಾಗಿ ಬಿಚ್ಚಿದಾಳೆ. ಇಷ್ಟು ವರ್ಷ ಬಿಚ್ಚಿದ್ದೇ ಆಕೀ ಒಪ್ಪಿಗೆಗೆ ಸಾಕ್ಷಿ. ಒಪ್ಪಿಕೊಂಡಾಕಿ ಒಂದಿನ ಒಲ್ಲೆ ಅಂದ್ರೆ ಅದು ಶಿಸ್ತಿನ ಪ್ರಶ್ನೆ ಆಗ್ತೈತೆ, ಮಾನದ ಪ್ರಶ್ನೆ ಆಗಲ್ಲ."

ವಾಮದೇವಪ್ಪನವರು ಮೇಜು ಕುಟ್ಟಿ "ಭೇಷ್" ಅಂದರು. "ವಕೀಲಿ ಸನದು ಬಂದ ದಿನ ಇಲ್ಲಿಗೇ ಬಾ. ಈ ಕುರ್ಚಿ ನಿಂದೇ. ಬ್ಯಾರೆ ಯಾರನ್ನೂ ಕೂಡ್ರಸಲ್ಲ."

ಸೂರಪ್ಪನ ಮೈಯೆಲ್ಲ ಬಿಸಿಯಾಯಿತು. ಆ ಕ್ಷಣ ಅವನಿಗೆ ಸಂತೋಷವೇ ಆಯಿತು. ಇದನ್ನೂ ಅವನೇ ಹೇಳಿದ್ದು. ಆಮೇಲೆ ಎಷ್ಟೋ ದಿನ ಅವನು ಕಂಡಕಂಡವರನ್ನು ಹಿಡಿದು ಕೂರಿಸಿಕೊಂಡು, ಕೇಳದಿದ್ದರೂ ಹೇಳುತ್ತಿದ್ದ.

ಸ್ಟೇಷನ್ನಿನಲ್ಲಿ ಜಮಾಲುದ್ದೀನನಿಗೆ ಹೇಳಿದಾಗ ಅವನು ನಗಲಿಲ್ಲ.

"ಹೋದ ಪರೀಕ್ಷೆಯಾಗ ಅಸ್ಪೃಶ್ಯತೆ ಕಾಯ್ದೆ ಮೇಲೆ ಹೆಚ್ಚು ಅಂಕ ಯಾರು ತಗೊಂಡಿದ್ದು? ನೀನೇ ಅಲ್ಲೇನು? ಕೇರಿಯೋರಿಗೆ ಬ್ಯಾರೆ ಸಾಲು ಯಾಕ ಅಂತ ಒಂದು ಮಾತು ಕೇಳ್ಬೇಕಿತ್ತು. ಗೊತ್ತಿರಲಿಲ್ಲೇನು?"

"ಗೊತ್ತಿತ್ತು."

"ಎ ಯಾರಂತನೂ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

"ಹಂಗಾದ್ರೆ ನನ್ನ ಮುಂದೆ ಯಾಕ ಹೇಳ್ತೀ? ಆಯಮ್ಮನ ಮುಂದೆ ಹೋಗಿ ಹೇಳು," ಅಂತ ಜಮಾಲುದ್ದೀನ್ ಎದ್ದು ಹೋದ.

ಮನೆಗೆ ಬಂದಾಗ ಕೆಂಚಕ್ಕ ಬಾಗಿಲಲ್ಲೇ ಕೂತಿದ್ದಳು. "ಹೇಳಿದ್ಯಾ?" ಅಂದಳು.

"ಹೇಳಿದೆ. ನೋಡಣ ಅಂದ್ರು."

ಆಕೆಯ ಮುಖ ಅರಳಿತು. ಜ್ವರದಲ್ಲೇ ಎದ್ದು ರೊಟ್ಟಿ ಬಡಿದಳು, ಪುಂಡಿಪಲ್ಲೆ ಬಡಿಸಿದಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಇಳಿಯಿತು. ಅವನು ಹಸಿದಿದ್ದ. ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಂಡ. ತಿಂದು ಮುಗಿಸಿದ ಮೇಲೆ ಆಕೆಯ ಕಡೆ ನೋಡಲು ಆಗದೆ ಪುಸ್ತಕ ತೆಗೆದುಕೊಂಡು ಗೋಡೆಗೆ ಮುಖ ಮಾಡಿ ಕೂತ. ಓದುತ್ತಿದ್ದಾನೆಂದು ಆಕೆ ಕೆಮ್ಮನ್ನು ಸೆರಗಿನಲ್ಲಿ ಒತ್ತಿ ಹಿಡಿದಳು.

ಮಿಲ್ಲಿನವರು ವಿಚಾರಣೆಯನ್ನು ವಾಮದೇವಪ್ಪನವರ ಕೈಗೇ ಕೊಟ್ಟರು. ಅವರ ಮಿಲ್ಲು, ಅವರ ಜಮೇದಾರ, ಅವರ ವಕೀಲರು. ಇದಕ್ಕೆ ಆಂತರಿಕ ವಿಚಾರಣೆ ಅನ್ನುತ್ತಾರೆ. ಹೇಳಿಕೆ ಬರೆದುಕೊಳ್ಳಲು ಒಬ್ಬ ಬೇಕಿತ್ತು.

"ನೀನೇ ಬಾ," ವಾಮದೇವಪ್ಪನವರು ಸೂರಪ್ಪನಿಗೆ ಹೇಳಿದರು. "ಅಕ್ಷರ ಚಲೋ ಐತೆ ನಿಂದು. ನಿಮ್ಮ ಜನದವನೇ ಕೂತು ಬರೆದ್ರೆ ನಾಳೆ ಯಾರೂ ಅನ್ಯಾಯ ಆತು ಅನ್ನಂಗಿಲ್ಲ."

ಆಕೆ ನಮ್ಮ ದೊಡ್ಡವ್ವ ಸರ್ ಅನ್ನಲು ಆಗ ಅವನಿಗೆ ಅವಕಾಶವಿತ್ತು. ಕಾರು ದಾವಣಗೆರೆ ಬಿಟ್ಟು ಹರಿಹರ ಮುಟ್ಟುವ ತನಕವೂ ಇತ್ತು. ಅವನು ಡ್ರೈವರನ ಪಕ್ಕ ಕೂತು ರಸ್ತೆ ನೋಡಿದ. ಹೇಳಿದರೆ ಕುರ್ಚಿ ಹೋಗುತ್ತದೆ. ಕುರ್ಚಿ ಸಿಕ್ಕರೆ ಮುಂದೆ ಇಂಥ ನೂರು ಕೆಂಚಕ್ಕಂದಿರನ್ನು ಉಳಿಸಬಹುದು. ಹೀಗೆ ಲೆಕ್ಕ ಹಾಕಿದ. ಓದಿದವರಿಗೆ ಇಂಥ ಲೆಕ್ಕ ಬೇಗ ಹೊಳೆಯುತ್ತದೆ. ಕಾರು ಮಿಲ್ಲಿನ ಆಫೀಸಿನ ಗೇಟಿನಿಂದ ಒಳಗೆ ಹೋಯಿತು. ಕರಿಬಸವರಾಜ ಕಾರಿಗೆ ಸಲಾಮು ಹೊಡೆದ. ಸಲಾಮು ತನಗೂ ಸೇರಿತು ಅನಿಸಿ ಸೂರಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ.

ಕೆಂಚಕ್ಕ ಬಂದು ಹೊಸ್ತಿಲ ಆಚೆ ನಿಂತಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಮೇಜಿನ ಹಿಂದೆ ವಾಮದೇವಪ್ಪನವರು, ಪಕ್ಕದಲ್ಲಿ ಮ್ಯಾನೇಜರ್, ಮೂಲೆಯಲ್ಲಿ ಕಾಗದ ಹಿಡಿದ ಸೂರಪ್ಪ. ಅವನನ್ನು ನೋಡಿ ಆಕೆಯ ತುಟಿ ಅಲುಗಿತು. ನಮ್ಮ ಸೂರ ಹೇಳಿದ್ದಕ್ಕೇ ವಕೀಲರು ಬಂದಿದ್ದಾರೆ ಅಂದುಕೊಂಡಳೋ ಏನೋ. ಅವನು ತಲೆ ಎತ್ತಲಿಲ್ಲ. ಆಗ ಆಕೆಗೆ ಅರ್ಥವಾಯಿತು. ಆಕೆ ಮುಖ ತಿರುಗಿಸಿ, ಗುರುತೇ ಇಲ್ಲದವರನ್ನು ನೋಡುವಂತೆ ಗೋಡೆಯ ಕಡೆ ನೋಡಿದಳು. ಅವನ ಮರ್ಯಾದೆಯನ್ನು ಆಕೆಯೇ ಕಾಪಾಡಿದಳು.

"ಗೇಟಿನಾಗ ನಿನ್ನನ್ನ ಯಾರಾದ್ರೂ ಮುಟ್ಟಿದ್ರೇನವ್ವ?" ವಾಮದೇವಪ್ಪನವರ ದನಿ ಮೆತ್ತಗಿತ್ತು.

"ಇಲ್ರಿ. ಮುಟ್ಟಲ್ಲ ಅಂತಾನೇ ನನ್ನ ಜಗಳ."

"ಕೇಳಿದ್ದಕ್ಕಷ್ಟೇ ಹೇಳು. ಇಷ್ಟು ವರ್ಷ ಬಟ್ಟಿ ಯಾರು ಬಿಚ್ತಿದ್ರು?"

"ನಾನೇ ಬಿಚ್ತಿದ್ದೆ."

"ಅವತ್ತು?"

"ಬಿಚ್ಚಲಿಲ್ರಿ. ಎಲ್ಲರನ್ನ ಮುಟ್ಟಿ ನೋಡಿದಂಗೆ ನನ್ನೂ ಮುಟ್ಟಿ ನೋಡ್ರಿ ಅಂದೆ."

ಸೂರಪ್ಪನ ಪೆನ್ನು ಆ ಮಾತಿನ ಮೇಲೆ ಹೋಗುವುದರಲ್ಲಿತ್ತು. ವಾಮದೇವಪ್ಪನವರು ಎರಡು ಬೆರಳು ಮೇಜಿನ ಮೇಲೆ ಮೆಲ್ಲಗೆ ಆಡಿಸಿ, "ಅದು ಬ್ಯಾಡ" ಅಂದರು. ಸೂರಪ್ಪ ಬರೆಯಲಿಲ್ಲ. ಪ್ರಶ್ನೆ ಮುಗಿದ ಮೇಲೆ ಮಸಿಡಬ್ಬಿ ಹೊಸ್ತಿಲ ಮೇಲೆ ಇಟ್ಟು, ಹೆಬ್ಬೆಟ್ಟು ಒತ್ತು ಅಂದರು.

ಕೆಂಚಕ್ಕ ಈಗ ಸೂರಪ್ಪನ ಕಡೆ ತಿರುಗಿದಳು.

"ಏನು ಬರ್ದೀರಿ, ಓದ್ರಿ."

ಹುಟ್ಟಿದಾಗಿನಿಂದ ಅವನನ್ನು ಏನೋ, ಬಾರೋ ಅಂದವಳು. ಉಚ್ಚೆ ಬಟ್ಟೆ ಒಗೆದವಳು. ಆಕೆಯ ಬಾಯಿಂದ ಆ 'ರಿ' ಕೇಳಿ ಅವನು ಕಾಗದ ಮೇಲೆತ್ತಿದ. ಓದಿದ. ತನ್ನನ್ನು ಯಾರೂ ಮುಟ್ಟಿಲ್ಲವೆಂದೂ, ಇಲ್ಲಿಯವರೆಗೆ ಸ್ವಇಚ್ಛೆಯಿಂದ ಬಟ್ಟೆ ಬಿಚ್ಚಿ ತೋರಿಸುತ್ತಿದ್ದುದಾಗಿಯೂ, ಸದರಿ ದಿನ ತಪಾಸಣೆಗೆ ಒಪ್ಪಲಿಲ್ಲವೆಂದೂ ಬರೆದಿತ್ತು.

"ಇಚ್ಛೆ ಅಂತ ನಾನು ಎಲ್ಲಿ ಅಂದೆ? ಮುಟ್ಟಿ ನೋಡ್ರಿ ಅಂದಿದ್ದು ಎಲ್ಲೈತೆ?"

ವಾಮದೇವಪ್ಪನವರು ಮಸಿಡಬ್ಬಿಯ ಕಡೆ ಬೆರಳು ತೋರಿಸಿದರು.

"ನಾನು ಹೆಬ್ಬೆಟ್ಟು ಒತ್ತಲ್ಲ," ಅಂದಳು ಕೆಂಚಕ್ಕ. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಒತ್ತದಿದ್ರೆ ಬಿಡು, ಅಡ್ಡಿ ಇಲ್ಲ," ವಾಮದೇವಪ್ಪನವರು ಸೂರಪ್ಪನಿಗೆ ಹೇಳಿದರು. "ಹೆಬ್ಬೆಟ್ಟು ಒತ್ತಲು ನಿರಾಕರಿಸಿರುತ್ತಾಳೆ ಅಂತ ಬರೆದು ಕೆಳಗೆ ಸಾಕ್ಷಿ ಅಂತ ನೀನು ಸಹಿ ಹಾಕು. ನಡೀತೈತೆ."

ಸೂರಪ್ಪ ಪೆನ್ನು ಹಿಡಿದು ಕೂತ. ಸಹಿ ಹಾಕಿದರೆ ಆಕೆಯ ಕೆಲಸ ಹೋಗುತ್ತದೆ, ಹಾಕದಿದ್ದರೆ ತನ್ನ ಕುರ್ಚಿ ಹೋಗುತ್ತದೆ. ಬರೆದ. ಸಹಿ ಬರೆಯಲಿಲ್ಲ. ಬಿಟ್ಟಿದ್ದ ಆಕೆಯ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದ. ಸ್ವಇಚ್ಛೆ ಎಂಬುದನ್ನು ಹೊಡೆದು ಹಾಕಿದ.

"ಇದು ಆಕಿ ಹೇಳಿದ್ದು ಸರ್. ಮೊದಲು ಬರೆದದ್ದು ಆಕಿ ಮಾತಲ್ಲ. ಆಕಿ ನಮ್ಮ ದೊಡ್ಡವ್ವ."

ವಾಮದೇವಪ್ಪನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ಮೊದ್ಲೇ ಹೇಳಬಾರದಿತ್ತೇನಪ್ಪ? ಬ್ಯಾರೆಯವರ ಕೈಲಿ ಬರೆಸ್ತಿದ್ದೆ. ಈಗ ನನ್ನ ಮ್ಯಾಲೆ ಯಾಕ ಹೊರಸ್ತೀ? ಮುಟ್ಟದಿದ್ರೆ ಗುನ್ನೆ ಆಗಲ್ಲ, ಬಿಚ್ಚಿದ್ದೇ ಒಪ್ಪಿಗೆ ಅಂತ ನನಗೆ ದಾರಿ ತೋರಿಸಿದೋನು ನೀನೇ ಅಲ್ವಾ? ಆ ವಾದದ ಮ್ಯಾಲೇ ಅಲ್ವಾ ನಾನು ಸಾಹುಕಾರಗೆ ಧೈರ್ಯ ಹೇಳಿದ್ದು?"

ಕೆಂಚಕ್ಕ ಸೂರಪ್ಪನನ್ನು ನೋಡಿದಳು.

"ಹೌದೇನ್ರಿ?"

ಅವನು ಎದ್ದು ನಿಂತ.

"ಹೌದು," ಅಂದ.

ಆಕೆ ಸೆರಗು ಹೊದ್ದುಕೊಂಡು ಹೊರಗೆ ಹೋದಳು. ವಾಮದೇವಪ್ಪನವರು ಅವನು ಬರೆದ ಕಾಗದವನ್ನು ಹರಿದು, ಮಿಲ್ಲಿನ ಗುಮಾಸ್ತನನ್ನು ಕರೆದರು. ಗುಮಾಸ್ತ ಮತ್ತೆ ಬರೆದ, ಅವನೇ ಸಾಕ್ಷಿ ಹಾಕಿದ. ಸೂರಪ್ಪನ ಶೌರ್ಯದಿಂದ ಆಕೆಯ ಕೆಲಸ ಉಳಿಯಲಿಲ್ಲ. ಅವತ್ತಿಗೇ ಹೋಯಿತು.

ಸೂರಪ್ಪನಿಗೆ ಇನ್ನು ಕಾರಿರಲಿಲ್ಲ. ಕೆಲಸಗಾರರ ಗೇಟಿಗೆ ನಡೆದು ಬಂದ. ಸಂಜೆ ಪಾಳಿ ಬಿಟ್ಟಿತ್ತು. ನಾವು ಸಾಲು ನಿಂತಿದ್ದೆವು. ಮುಂದೆ ತಗಡಿನ ಹತ್ತಿರ ಕೆಂಚಕ್ಕ ಎರಡು ಕೈ ಅಗಲಿಸಿ ನಿಂತಿದ್ದಳು. 

"ಕೆಲಸಾನೇ ತೆಗೆದ್ರಲ್ಲ, ಇನ್ನೇನು ಹೆದರಿಕಿ. ಮುಟ್ಟಿ ನೋಡಿ ಬಿಡ್ರಿ, ಹೋಗ್ತೀನಿ," ಅನ್ನುತ್ತಿದ್ದಳು. ಅನ್ನಪೂರ್ಣಮ್ಮ ಜಮೇದಾರನ ಮುಖ ನೋಡುತ್ತಿದ್ದಳು.

ಕರಿಬಸವರಾಜ ಸೂರಪ್ಪನನ್ನು ಕಂಡ.

"ಓಹೋ, ನೀನೂ ಕೇರಿಯೋನಂತಲ್ಲ. ಆಗ ಸುಮ್ನೆ ಸಲಾಮು ಹೊಡೆಸ್ಕೊಂಡ್ಯಲ್ಲಲೇ. ಆ ಸಾಲಿಗೆ ನಡಿ. ಅಂಗಿ ತೆಗೆದು ಒದರು."

ಸೂರಪ್ಪನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು. ಒಂದು ಗುಂಡಿ ಬಿಚ್ಚಿದ. ಎರಡನೆಯದಕ್ಕೆ ಬೆರಳು ಹಾಕಿದ. ಜಮೇದಾರ ಮಾರು ದೂರದಲ್ಲಿದ್ದ. ಅವನ ಕೈಯಲ್ಲಿ ಬಡಿಗೆಯಿರಲಿಲ್ಲ. ಯಾರೂ ಸೂರಪ್ಪನನ್ನು ಮುಟ್ಟಿರಲಿಲ್ಲ. ಸೂರಪ್ಪ ತನ್ನ ಬೆರಳನ್ನೇ ನೋಡುತ್ತ ನಿಂತುಬಿಟ್ಟ. ಅವನ ಮುಖ ನೋಡಲಾಗುತ್ತಿರಲಿಲ್ಲ. ನಾವೇನು ದೊಡ್ಡವರಲ್ಲ, ನಮ್ಮ ಬೆರಳೂ ಗುಂಡಿಗಳ ಮೇಲೇ ಇದ್ದವು.

"ಕೈ ತೆಗಿಯೋ ಮೂಳ," ಅಂದಳು ಕೆಂಚಕ್ಕ.

ಅವನು ಕೈ ತೆಗೆದ. ಆಕೆಯ ಪಕ್ಕಕ್ಕೆ ಹೋಗಿ ನಿಂತ. ಕರಿಬಸವರಾಜ ಕೂಗಾಡಿದ. ಸಾಲಿನಲ್ಲಿ ಸೀರೆ ಸಡಿಲಿಸಿದ್ದ ಅಂಜಿನವ್ವ ಮತ್ತೆ ನೆರಿಗೆ ಸಿಕ್ಕಿಸಿಕೊಂಡಳು. ಅವಳ ಹಿಂದಿನ ಹೆಂಗಸೂ ಸಿಕ್ಕಿಸಿಕೊಂಡಳು. ನಾವು ಅಂಗಿಯಿಂದ ಕೈ ತೆಗೆದೆವು. ಕೆಲಸಗಾರರಿಗೆ ಇದ್ದದ್ದು ಒಂದೇ ಗೇಟು. ಆಚೆ ಸಾಲಿನವರೂ ನಿಲ್ಲಬೇಕಾಯಿತು. ಯಾರೋ ಬೀಡಿ ಎಸೆದು, ಮುಟ್ಟಿ ಕಳಿಸ್ರೋ ಅತ್ಲಾಗೆ, ಮನಿಗೆ ಹೋಗಬೇಕು ಅಂತ ಗೊಣಗಿದ.

"ದೊಡ್ಡವ್ವ," ಸೂರಪ್ಪ ಮೆಲ್ಲಗೆ ಅಂದ. "ನಂದು ತಪ್ಪಾತು."

"ಆತು. ನಾನು ಮಾಫಿ ಮಾಡಲ್ಲ," ಆಕೆ ಅವನ ಕಡೆ ತಿರುಗದೆ ಹೇಳಿದಳು. "ಈಗ ಕೈ ಅಗಲಿಸಿ ನಿಂದ್ರು."

ಅವನು ಕೈ ಅಗಲಿಸಿ ನಿಂತ.